ಮದ್ದು ಅಳೆಯೋದಾ, ತೂಗೋದಾ? ಮೇಸ್ತ್ರಿಯವರನ್ನು ಕೇಳಿ

ಅಡ್ಮಿನ್: ಈ ವಾರ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವ ಕೋವಿಗಳ ಬಗ್ಗೆ ಮಾತ್ರ. ಕೋವಿ ರಿಪೇರಿಯೇ ಕಸುಬಾಗಿರುವ ಮೇಸ್ತ್ರಿಯವರು ಬಿಡುವಾದಾಗ ಉತ್ತರಿಸ್ತಾರೆ. ಕೇಳೋ ಮುಂಚೆ ಮೇಲಿನದನ್ನು ಓದಿ. ಫಾರ್ವರ್ಡ್ ಹಾಕಬೇಡಿ.

ಕೇಪು ಡಬ್ಬಿ: ನನ್ನ ಹಿತ್ತಾಳೆ ಅಳತೆ ಕೊಳವೆ ಮೇಲೆ 80 ಗ್ರೇನ್ ಅಂತಿದೆ. ಅದೇ ಮದ್ದನ್ನು ತೂಗಿದರೆ 77 ಬಂತು. ಯಾವುದು ಸುಳ್ಳು?

ಮೇಸ್ತ್ರಿ: ಎರಡೂ ಸುಳ್ಳಲ್ಲ. ಗ್ರೇನ್ ಮೂಲದಲ್ಲಿ ತೂಕ, ಒಂದು ಪೌಂಡಿಗೆ 7000. ಕೊಳವೆ ಮೇಲಿನ 80 ಅಂದ್ರೆ 80 ಗ್ರೇನ್ ಕರಿಮದ್ದು ಹೆಚ್ಚುಕಮ್ಮಿ ಹಿಡಿಸುವ ಜಾಗ. ಸೇರು ಅನ್ನೋ ಮಾತಿಲ್ವಾ, ಒಬ್ಬ ಪಾತ್ರೆಯಲ್ಲಿ ಅಳೆದು ಸೇರು ಅಂದ, ಇನ್ನೊಬ್ಬ ತಕ್ಕಡಿಯಲ್ಲಿ ತೂಗಿ ಸೇರು ಅಂದ, ಹಾಗೆ. ಕಾಳಿನ ಗಾತ್ರ, ತಯಾರಕರು, ತಟ್ಟಿ ತುಂಬಿದ್ರಾ ಸುಮ್ಮನೆ ಸುರಿದ್ರಾ, ಇದರ ಮೇಲೆ ಮೂರ್ನಾಲ್ಕು ಗ್ರೇನ್ ಆಚೀಚೆ ಆಗುತ್ತೆ. ಕರಿಮದ್ದು ಉರಿದರೆ ಅನಿಲ ಆಗೋದು ಅರ್ಧಕ್ಕಿಂತ ಕಮ್ಮಿ. ಉಳಿದದ್ದೆಲ್ಲ ಹೊಗೆಯೊಳಗಿನ ಪುಡಿ, ನಳಿಗೆಯೊಳಗಿನ ಕಿಟ್ಟ. ಅಂಥ ಒರಟು ಮದ್ದಿಗೆ 3 ಗ್ರೇನ್ ಹೆಚ್ಚಲ್ಲ. ಪ್ರತಿ ಸಲ ಒಂದೇ ಥರ ತುಂಬಿ.

ಗುರಿಗಾರ: ಕ್ಷಮಿಸಿ ಸರ್, ಒಪ್ಪಲ್ಲ. ನಾನು ಪ್ರತಿ ಈಡನ್ನೂ (ಒಂದು ಸಲಕ್ಕೆ ಹಾಕುವ ಮದ್ದು) ಮನೆಯಲ್ಲೇ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಗಾಜಿನ ಸೀಸೆಗಳಿಗೆ ತುಂಬಿಟ್ಟುಕೊಳ್ತೀನಿ. ಗುರಿಹಲಗೆಯಲ್ಲಿ ಗುಂಡುಗಳ ಗುಂಪು ಬಿಗಿಯಾಗಿದ್ದು ಆಮೇಲೇ.

ಮೇಸ್ತ್ರಿ: ಒಳ್ಳೇದೇ. ಎಂಎಲ್‌ಎಐಸಿ (ಇಂಥ ಕೋವಿಗಳ ಅಂತರರಾಷ್ಟ್ರೀಯ ಸಂಘ) ಪಂದ್ಯಗಳಲ್ಲೂ ಈಡಿಗೊಂದು ಸೀಸೆ. ಆದರೆ ನಿಮ್ಮ ಗುಂಪು ಬಿಗಿಯಾಗೋದಕ್ಕೆ ತಕ್ಕಡಿ ಕಾರಣವೋ, ಸೀಸೆ ಹಿಡಿದ ಮೇಲೆ ನೀವು ಗಜ (ಗುಂಡು ಒಳಗೆ ತಳ್ಳುವ ಸರಳು) ಒತ್ತೋದರಲ್ಲೂ ಶಿಸ್ತಿಗೆ ಬಂದಿದ್ದು ಕಾರಣವೋ, ಯೋಚಿಸಿ. ಒತ್ತಡ ಒಂದೊಂದು ಸಲ ಒಂದೊಂದು ಥರ ಆದ್ರೆ ಎಷ್ಟು ತೂಗಿದ್ರೂ ಅಷ್ಟೇ.

ಹಳೇ ನಳಿಗೆ: ನಮ್ಮಜ್ಜ ಕೊಂಬಿನ ತುದಿ ಕುಯ್ದು ಮಾಡಿದ ಅಳತೆಯಲ್ಲೇ ಜೀವನ ಪೂರ್ತಿ ಹೊಡೆದ. ತಕ್ಕಡಿ ಕಂಡವನೇ ಅಲ್ಲ.

ಗುರಿಗಾರ: ಅಜ್ಜ ತಪ್ಪಿಸಿದ ಗುಂಡುಗಳ ಲೆಕ್ಕ ಯಾರಿಟ್ಟಿದ್ದಾರೆ?

ಬತ್ತಿಕೋವಿ: 100 ಗ್ರೇನ್ ಅಂದ್ರೆ 100 ಗ್ರಾಂ ತಾನೇ?

ಮೇಸ್ತ್ರಿ: ಅಲ್ಲ! 100 ಗ್ರೇನ್ ಅಂದ್ರೆ ಆರೂವರೆ ಗ್ರಾಮಿಗೂ ಚೂರು ಕಮ್ಮಿ. 100 ಗ್ರಾಂ ಅಂದ್ರೆ 1543 ಗ್ರೇನ್. ದಯವಿಟ್ಟು ಇದನ್ನು ಬರೆದು ಮದ್ದಿನ ಡಬ್ಬಿಗೆ ಅಂಟಿಸಿ.

ಕೇಪು ಡಬ್ಬಿ: ಕರಿಮದ್ದಿಗೆ ಬದಲಿಯಾಗಿ ಬರುವ ಪೈರೋಡೆಕ್ಸ್‌ಗೂ ಇದೇ ಕೊಳವೆ ನಡೆಯುತ್ತಾ?

ಮೇಸ್ತ್ರಿ: ಕೊಳವೆ ನಡೆಯುತ್ತೆ, ತೂಕ ನಡೆಯಲ್ಲ. ಪೈರೋಡೆಕ್ಸ್ ಹಗುರ. ಕರಿಮದ್ದಿನಷ್ಟೇ ಜಾಗ ತುಂಬಿದ್ರೂ ತೂಗೋದು ಮುಕ್ಕಾಲು ಪಾಲಿಗಿಂತ ಕಮ್ಮಿ. ಅದನ್ನು ಮಾಡಿರೋದೇ ಅಳತೆಗೆ ಅಳತೆ ಹಾಕಲಿ ಅಂತ. 100 ಗ್ರೇನ್ ತೂಗಿ ಹಾಕಿದ್ರೆ ಹೆಚ್ಚುಕಮ್ಮಿ 140ರ ಈಡು ಹಾಕಿದಂತೆ. ಟ್ರಿಪಲ್ ಸೆವೆನ್ ಅನ್ನೋ ಇನ್ನೊಂದು ಬದಲಿ ಮದ್ದಾದ್ರೆ ಅಳತೆಯಲ್ಲೇ 15 ಪರ್ಸೆಂಟ್ ಇಳಿಸಿ, ಅದರ ಕಸುವು ಜಾಸ್ತಿ.

ಚರೆಚೀಲ: ಬ್ಲ್ಯಾಕ್‌ಹಾರ್ನ್ 209 ಅನ್ನೋ ಬದಲಿ ಮದ್ದು?

ಮೇಸ್ತ್ರಿ: ಅಳತೆಯ 100ಕ್ಕೆ ತೂಕದ 70. ಅಳತೆಯಲ್ಲಿ 120, ತೂಕದಲ್ಲಿ 84, ಅದರಾಚೆ ಹೋಗಬಾರದು. 11ನೇ ನಂಬರ್ ಕೇಪಿಗೆ (ಕಿಡಿ ಕೊಡುವ ಪುಟ್ಟ ಟೊಪ್ಪಿಗೆ) ಹೊತ್ತಿಕೊಳ್ಳೋದನ್ನು ನಂಬಬೇಡಿ, ಅದಕ್ಕಿಂತ ಜೋರು ಕಿಡಿಯ 209 ಪ್ರೈಮರ್ ಬೇಕು.

ಸುಮ್ನೆ ಓದುಗ: ಹಾಗಾದ್ರೆ ಪೈರೋಡೆಕ್ಸ್ ತೂಕದಲ್ಲಿ ಎಷ್ಟು ಹಾಕಬೇಕು ಸರ್?

ಮೇಸ್ತ್ರಿ: ಮೇಲೆ ಓದಿ.

ಮೊದಲ ಈಡು: ಸರ್, ನಾನು ಹೊಸಬ. ಪಾಯಿಂಟ್ 50 (ನಳಿಗೆಯೊಳಗೆ ಅರ್ಧ ಇಂಚು ಅಗಲ) ಕೋವಿ, ಅಪ್ಪಟ ಕರಿಮದ್ದು ಎಫ್‌ಎಫ್‌ಜಿ ಕಾಳು, ಬಟ್ಟೆ ಸುತ್ತಿದ ಉಂಡೆಗುಂಡು. ಇಷ್ಟು ದಿನ ಕೊಳವೆಯಲ್ಲಿ 70 ಹಾಕ್ತಿದ್ದೆ. ಇಲ್ಲಿನ ಜಗಳ ಓದಿ ಇವತ್ತು ತಕ್ಕಡಿ ತಂದು 70 ತೂಗಿ ಹಾಕಿದೆ. ಗುಂಡು ಕೂತಿದೆ, ಗಟ್ಟಿಯಾಗೇ ಒತ್ತಿದೀನಿ. ಆದ್ರೆ ಗಜದ ಮೇಲಿನ ಹಳೇ ಗುರುತು (70 ಹಾಕಿದಾಗ ನಳಿಗೆಯ ಬಾಯಿಗೆ ಸಮ ಬರ್ತಿದ್ದದ್ದು) ಬಾಯಿಂದ ಮೂರು ಇಂಚು ಮೇಲೆ ನಿಂತಿದೆ. ಗುಂಡು ಅರ್ಧದಲ್ಲೇ ಸಿಕ್ಕಿಕೊಂಡಿರಬಹುದಾ? ಹಾರಿಸಿದ್ರೆ ಸರಿ ಹೋಗುತ್ತಾ?

ಹಳೇ ನಳಿಗೆ: ಕಿಟ್ಟ ಕಟ್ಟಿರುತ್ತೆ. ಗಜಕ್ಕೆ ಎರಡು ಏಟು ಹಾಕು, ಇಳಿಯುತ್ತೆ.

ಮೇಸ್ತ್ರಿ: ಯಾರೂ ಏನೂ ಹೊಡೀಬೇಡಿ. ಮೊದಲ ಈಡು, ಕೇಪು ಹಾಕಿದೀರಾ? ಹಾಕಿದ್ರೆ ನಳಿಗೆ ಆಚೆ ತಿರುಗಿಸಿ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ನಿಧಾನಕ್ಕೆ ಎತ್ತಿ ಕೇಪು ತೆಗೀರಿ. ಆಮೇಲೆ ಎರಡು ವಿಷಯ ಹೇಳಿ. ಇದಕ್ಕೂ ಮುಂಚೆ ಇವತ್ತು ಹಾರಿಸಿದ್ರಾ? ತಕ್ಕಡಿಯ ಪರದೆಯಲ್ಲಿ 70ರ ಪಕ್ಕ ಯಾವ ಅಕ್ಷರ ಇದೆ?

ಮೊದಲ ಈಡು: ಕೇಪು ಹಾಕಿಲ್ಲ. ಇವತ್ತು ಹಾರಿಸಿಲ್ಲ, ನಳಿಗೆ ತೊಳೆದು ಒಣಗಿಸಿದ್ದೆ. ಪಕ್ಕದಲ್ಲಿ ಸಿ, ಟಿ ಅಂತಿದೆ.

ಮೇಸ್ತ್ರಿ: ಸಿಕ್ಕಿತು. ಅದು ಗ್ರೇನ್ ಅಲ್ಲ, ಕ್ಯಾರಟ್. ಹರಳು ತೂಗೋ ಲೆಕ್ಕ. ಒಂದು ಕ್ಯಾರಟ್ ಅಂದ್ರೆ 0.2 ಗ್ರಾಂ, ಮೂರು ಗ್ರೇನಿಗೆ ಚೂರು ಹೆಚ್ಚು. ನೀವು ಹಾಕಿರೋದು 216 ಗ್ರೇನ್. ನಿಮ್ಮ ಈಡಿನ ಮೂರರಷ್ಟಕ್ಕಿಂತ ಜಾಸ್ತಿ.

ನೀವು ಮೂರು ಇಂಚು ಅಂದಾಗಲೇ ನನಗೆ ಅನುಮಾನ ಬಂತು, ಯಾಕೆ ಅಂತ ಹೇಳ್ತೀನಿ. ಪಾಯಿಂಟ್ 50 ನಳಿಗೆಯ ಒಳಗೆ 10 ಗ್ರೇನ್ ಕರಿಮದ್ದು ಹೆಚ್ಚುಕಮ್ಮಿ 5 ಮಿಲಿಮೀಟರ್ ಎತ್ತರ ಹಿಡಿಯುತ್ತೆ. 70 ಗ್ರೇನ್ ಅಂದ್ರೆ ಮೂರೂವರೆ ಸೆಂಟಿಮೀಟರ್. ಗಜ ಮೂರು ಇಂಚು, ಅಂದ್ರೆ ಏಳೂವರೆ ಸೆಂಟಿಮೀಟರ್ ಮೇಲೆ ನಿಂತರೆ ಒಳಗೆ ಸುಮಾರು 150 ಗ್ರೇನ್ ಹೆಚ್ಚಿಗೆ ಇರಬೇಕು. ಇಲ್ಲವೇ ಗುಂಡು ಮದ್ದಿಗೆ ಮುಟ್ಟದೆ ನಡುವೆ ಖಾಲಿ ಜಾಗ ಇರಬೇಕು. ಖಾಲಿ ಜಾಗ ಬಿಟ್ಟು ಹಾರಿಸಿದ್ರೆ ನಳಿಗೆ ಉಬ್ಬುತ್ತೆ, ಸೀಳಲೂಬಹುದು. ಅಂಥ ನಳಿಗೆಗಳು ನನ್ನ ಮೇಜಿಗೆ ಬಂದಿವೆ. ತೊಳೆದ ನಳಿಗೆಯಲ್ಲಿ ಗುಂಡು ಸಿಕ್ಕಿಕೊಳ್ಳೋದು ಅಪರೂಪ, ಅದಕ್ಕೇ ತಕ್ಕಡಿ ಕೇಳಿದ್ದು. ಇಲ್ಲಿ ತಕ್ಕಡಿ ನಂಬಿಸಿತು, ಗಜ ಕಾಪಾಡಿತು. ತೂಗಿ ಹಾಕಿ, ಅಳೆದು ಹಾಕಿ, ಗಜದ ಗುರುತು ನೋಡದೆ ಕೇಪು ಮುಟ್ಟಬೇಡಿ.

ಈಗ ಖಾಲಿ ಮಾಡೋದು. ಹಾರಿಸಿ ತೆಗೆಯೋ ಯೋಚನೆ ಬಿಡಿ. ಕೇಪು ಕೂರುವ ನಿಪ್ಪಲ್ ಬಿಚ್ಚಿ, ಆ ತೂತಿಂದ ನೀರು ಬಿಡಿ. ಬಾಯಿಂದ ಬಿಟ್ಟರೆ ಬಟ್ಟೆ ತಡೆಯುತ್ತೆ. ಮದ್ದು ಪೂರ್ತಿ ನೆನೆಯಲಿ, ಅವಸರ ಬೇಡ. ಆಮೇಲೆ ಗಜದ ತುದಿಗೆ ಗುಂಡು ಕೀಳುವ ತಿರುಪು ಹಾಕಿ ಎಳೀರಿ. ಎಳೆಯುವಾಗ ಮುಖ, ಎದೆ ಬಾಯಿಯ ನೇರಕ್ಕೆ ಬೇಡ. ತಿರುಪು ಇಲ್ಲದಿದ್ರೆ ಸಿಒಟು ಗಾಳಿ ಒತ್ತಿ ಗುಂಡು ತಳ್ಳುವ ಸಲಕರಣೆ ಇರುತ್ತೆ, ಇದ್ದವರನ್ನು ಕೇಳಿ. ಎರಡೂ ಇಲ್ಲ ಅಂದ್ರೆ ಮದ್ದು ನೆನೆದಿರುವಾಗಲೇ ಹತ್ತಿರದ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ. ಆದ ಮೇಲೆ ಬರೀರಿ, ಕಾಯ್ತೀನಿ.

ಮೊದಲ ಈಡು: ಮದ್ದು ಸುರಿಯುವಾಗಲೇ ಜಾಸ್ತಿ ಕಾಣ್ತು ಸರ್. ತಕ್ಕಡಿ ಸುಳ್ಳು ಹೇಳಲ್ಲ ಅಂದ್ಕೊಂಡೆ.

ಹಳೇ ನಳಿಗೆ: ನೋಡಿದ್ರಾ! ಕೊಂಬಿನ ಅಳತೆಗೆ ಗುಂಡಿ ಇಲ್ಲ, ಬ್ಯಾಟರಿ ಇಲ್ಲ, ಕ್ಯಾರಟ್ ಇಲ್ಲ.

ಗುರಿಗಾರ: ಗುಂಡಿ ಓದಲು ಬಾರದಿದ್ರೆ ತಕ್ಕಡಿ ತಪ್ಪಾ? ಗಜಕ್ಕೆ ಏಟು ಹಾಕು ಅಂತ ಬರೆದಿದ್ದು ನೀವೇ. ಅಳಿಸಬೇಡಿ, ಎಲ್ಲರೂ ನೋಡಲಿ.

ಹಳೇ ನಳಿಗೆ: ನಾನು ಕಿಟ್ಟ ಅಂದ್ಕೊಂಡು ಹೇಳಿದ್ದು. ನೀವು ಸೀಸೆ ಜೋಡಿಸ್ತಾ ಕೂತಿರಿ.

ಕೇಪು ಡಬ್ಬಿ: ಪಂದ್ಯ ಬೇರೆ, ಬಯಲು ಬೇರೆ. ಇಬ್ಬರೂ ಸುಮ್ಮನಿರಿ.

ಗುರಿಗಾರ: ನೀವು ಮಧ್ಯ ಬರಬೇಡಿ. 77ಕ್ಕೂ 80ಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಬಂದವರು ನೀವು.

ಚರೆಚೀಲ: ಚರೆ ಹಾಕುವಾಗ ಮದ್ದಿಗೂ ಚರೆಗೂ ಒಂದೇ ಕೊಳವೆ ಅಳತೆ ಸಾಕಾ?

ಬತ್ತಿಕೋವಿ: ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು: "ಅಂಗೈಯಲ್ಲಿ ಗುಂಡು ಇಟ್ಟು ಅದು ಮುಚ್ಚುವಷ್ಟು ಮದ್ದು ಸುರಿಯಿರಿ. ಅದೇ ಸರಿಯಾದ ಈಡು. ಹಿರಿಯರ ಗುಟ್ಟು, ಎಲ್ಲರಿಗೂ ಹಂಚಿ."

ಮೇಸ್ತ್ರಿ: ಹಂಚಬೇಡಿ. ಅಂಗೈ ಚಪ್ಪಟೆ ಹಿಡಿದ್ರೆ ಒಂದು ರಾಶಿ, ಬೊಗಸೆ ಮಾಡಿದ್ರೆ ಇನ್ನೊಂದು. ಅದೇ ಕೈ, ಅದೇ ಗುಂಡು, ಎರಡರಷ್ಟು ವ್ಯತ್ಯಾಸ ಬರುತ್ತೆ. ಬೇಕಾದ್ರೆ ಒಣ ಮರಳಿನಲ್ಲಿ ನೀವೇ ಮಾಡಿ ನೋಡಿ. ಅಳತೆ ಇಲ್ಲದ ಕಾಲದಲ್ಲಿ ಅದು ಅನಿವಾರ್ಯ, ಗುಟ್ಟಲ್ಲ.

ಸುಮ್ನೆ ಓದುಗ: ಕಿಟ್ಟ ಕಮ್ಮಿ ಆಗಲಿ ಅಂತ ತಳದಲ್ಲಿ ಚಿಟಿಕೆ ಹೊಗೆಯಿಲ್ಲದ ಮದ್ದು ಹಾಕಿ ಅಂತ ನನಗೂ ಒಂದು ಬಂದಿದೆ, ವಿಡಿಯೋ ಸಮೇತ.

ಮೇಸ್ತ್ರಿ: ವಿಡಿಯೋ ಮಾಡಿದವನ ಬೆರಳು ಎಷ್ಟಿವೆ ಎಣಿಸಿ. ಕರಿಮದ್ದಿಗೆ ಅಂತ ಮಾಡಿದ ಕೋವಿಗೆ ಹೊಗೆಯಿಲ್ಲದ ಮದ್ದು ಚಿಟಿಕೆಯೂ ಇಲ್ಲ, ಅರ್ಧ ಚಿಟಿಕೆಯೂ ಇಲ್ಲ. ಅದರ ಒತ್ತಡ ಏರುವ ವೇಗವೇ ಬೇರೆ. ಕಿಟ್ಟಕ್ಕೆ ನೀರು, ಬಟ್ಟೆ, ಐದು ನಿಮಿಷ ತಾಳ್ಮೆ ಸಾಕು. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಎದ್ದು ಹೋಗ್ತೀನಿ.

ಬತ್ತಿಕೋವಿ: ಬೈಯೋದು ಯಾಕೆ, ಒಳ್ಳೇದಕ್ಕೇ ಹಾಕಿದ್ದು. ಮದ್ದು ಮನೆಯಲ್ಲೇ ಮಾಡೋದು ಹೇಗೆ ಅನ್ನೋದಾದ್ರೂ ಹೇಳ್ತೀರಾ?

ಮೇಸ್ತ್ರಿ: ಇಲ್ಲ.

ಕೇಪು ಡಬ್ಬಿ: ಮದ್ದು ಇಡುವ ಕೊಂಬಿನಿಂದಲೇ ನೇರ ನಳಿಗೆಗೆ ಸುರಿದ್ರೆ ಒಂದು ಕೆಲಸ ಉಳಿಯುತ್ತಲ್ಲ ಸರ್?

ಮೇಸ್ತ್ರಿ: ಒಳಗೊಂದು ಕಿಡಿ ಉಳಿದಿದ್ರೆ ಕೊಂಬಿನಲ್ಲಿರೋ ಅಷ್ಟೂ ಮದ್ದು ಕೈಯಲ್ಲೇ ಹೊತ್ತಿಕೊಳ್ಳುತ್ತೆ. ಅಳತೆಗೆ ಸುರಿದು, ಕೊಂಬು ಮುಚ್ಚಿ ಆಚೆ ಇಟ್ಟು, ಆಮೇಲೆ ನಳಿಗೆಗೆ.

ಸುಮ್ನೆ ಓದುಗ: ಎಫ್‌ಎಫ್‌ಎಫ್‌ಜಿ ಹಾಕಿದ್ರೆ ಅಳತೆ ಅದೇನಾ?

ಮೇಸ್ತ್ರಿ: ಸಣ್ಣ ಕಾಳು, ಬೇಗ ಉರಿಯುತ್ತೆ. 10–15 ಪರ್ಸೆಂಟ್ ಇಳಿಸಿ.

ಚರೆಚೀಲ: ನನ್ನ ಪ್ರಶ್ನೆ ಯಾರೂ ನೋಡಿಲ್ಲ.

ಹಳೇ ನಳಿಗೆ: ಗುರಿಗಾರರೇ, ನಿಮ್ಮ ಸೀಸೆಯ ಮದ್ದು ಮನೆಯಿಂದ ಹೋಗುವಷ್ಟರಲ್ಲಿ ಕುಲುಕಿ ಕೂತಿರುತ್ತಲ್ಲ, ಆಗ ಅಳತೆ ಎಷ್ಟಾಗುತ್ತೆ?

ಗುರಿಗಾರ: ತೂಕ ಅದೇ ಇರುತ್ತೆ ಸ್ವಾಮಿ! ನಾನು ಬೆಳಗ್ಗೆಯಿಂದ ಹೇಳ್ತಿರೋದು ಅದನ್ನೇ!

ಅಡ್ಮಿನ್: ಇಬ್ಬರಿಗೂ ಕೊನೇ ಎಚ್ಚರಿಕೆ.

ಮೊದಲ ಈಡು: ಸರ್, ಗುಂಡು ಬಂತು. ತಿರುಪು ಎರಡು ಸಲ ಜಾರಿತು, ಮೂರನೇ ಸಲ ಕಚ್ಚಿತು. ಹಿಂದೆ ಕಪ್ಪು ಕೆಸರು. ಕೈ ಈಗಲೂ ನಡುಗ್ತಿದೆ. ಈ ಮದ್ದು ಒಣಗಿಸಿ ಮತ್ತೆ ಹಾಕಬಹುದಾ?

ಮೇಸ್ತ್ರಿ: ಸದ್ಯ. ಒಣಗಿಸಬೇಡಿ, ತುಂಬ ನೀರಿಗೆ ಹಾಕಿ ಚೆಲ್ಲಿ. ಮದ್ದಿನೊಳಗಿನ ಸಾಲ್ಟ್‌ಪೀಟರ್ (ಪೆಟ್ಲುಪ್ಪು) ಕರಗಿ ಬೇರೆಯಾಗಿರುತ್ತೆ, ಒಣಗಿಸಿದ್ರೂ ಅದು ಹಳೇ ಮದ್ದಲ್ಲ. ನಳಿಗೆ ಇವತ್ತೇ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ನಾಳೆಗಿಟ್ಟರೆ ತುಕ್ಕು. ತಕ್ಕಡಿಯಲ್ಲಿ ಜಿ, ಎನ್ ಬರೋವರೆಗೆ ಗುಂಡಿ ಒತ್ತಿ, ಕೊಳವೆಯ 70 ಎಷ್ಟು ತೂಗುತ್ತೆ ನೋಡಿ ಹೇಳಿ.

ಮೊದಲ ಈಡು: ತೊಳೆದಾಯ್ತು. ಕೊಳವೆಯ 70 ಐದು ಸಲ ತೂಗಿದೆ. 68, 69, 68, 70, 68.

ಮೇಸ್ತ್ರಿ: ಕೈ ಚೆನ್ನಾಗಿದೆ. ಕೊಳವೆಯಲ್ಲೇ ಹಾಕಿ.

ಗುರಿಗಾರ: ಎರಡು ಗ್ರೇನ್ ವ್ಯತ್ಯಾಸ ಇದೆ, ಗಮನಿಸಿ.

ಹಳೇ ನಳಿಗೆ: ಶುರುವಾಯ್ತು.