ಕಥೆ ಹೇಳ್ತಿರೋದು ಯಾರು ಅಂತ ಮಕ್ಕಳನ್ನ ಕೇಳಿ ನೋಡಿ

ಎಲ್ಲರಿಗೂ ನಮಸ್ಕಾರ. ಮಗ ಕನ್ನಡ ಕಥೆ ಓದೋ ಹಾಗೆ ಮಾಡೋದು ಹೇಗೆ ಅಂತ ಮೆಲ್ಬರ್ನ್‌ನ ಅಕ್ಕ ನಮ್ಮ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೀತಿದ್ದೇನೆ. ಅವರ ಮಗನಿಗೆ ಕನ್ನಡ ಓದೋಕೆ ಬರುತ್ತದೆ, ಆದರೆ ಕಥೆ ಕೊಟ್ಟರೆ ಎರಡು ಪುಟಕ್ಕೇ ಮುಚ್ಚಿಡ್ತಾನೆ. "ಬರೀ ವರ್ಣನೆ, ಏನೂ ನಡೆಯೋದೇ ಇಲ್ಲ" ಅಂತಾನಂತೆ. ಸುಲಭದ್ದು ಕೊಡಿ, ಚಿತ್ರ ಇರೋದು ಕೊಡಿ, ನೀತಿಕಥೆ ಕೊಡಿ ಅಂತ ತುಂಬಾ ಜನ ಸಲಹೆ ಕೊಟ್ಟಿದ್ದೀರಿ. ಚಿಕ್ಕ ಮಕ್ಕಳಿಗೆ ಅದು ಸರಿ. ಹನ್ನೆರಡು, ಹದಿಮೂರು ದಾಟಿದ ಮಕ್ಕಳಿಗೆ ಮಾತ್ರ ಅದು ಸಾಲದು ಅನ್ನೋದು ನನ್ನ ಅಭಿಪ್ರಾಯ. ಆ ವಯಸ್ಸಿನವರಿಗೆ ಕಥೆಯಲ್ಲಿ ಏನಾಯಿತು ಅನ್ನೋದಕ್ಕಿಂತ, ಅದನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನೋದು ಜಾಸ್ತಿ ಹಿಡಿಸುತ್ತದೆ.

ನಾವು ಸಿಂಗಪುರ ಬಿಟ್ಟು ಬೆಂಗಳೂರಿಗೆ ಬಂದು ಗಿರಿನಗರದಲ್ಲಿ ಇದ್ದೇವೆ. ಮಗಳಿಗೆ 13. ಕನ್ನಡ ನಿಧಾನಕ್ಕೆ, ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಈ ಬೇಸಿಗೆ ರಜೆಯಲ್ಲಿ ಇಬ್ಬರೂ ಕೂತು ಮಾಸ್ತಿಯವರ ‘ರಂಗನ ಮದುವೆ’ ಓದಿದೆವು. ಮಾಸ್ತಿ ಬಾಳಿದ ಗವಿಪುರ ನಮ್ಮ ಮನೆಗೆ ಹತ್ತಿರವೇ. ಕಥೆಗೆ ನೂರು ವರ್ಷ ದಾಟಿದೆ. ಸಿಬಿಎಸ್‌ಇ 11ನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಬಹಳ ವರ್ಷ ಪಾಠವಾಗಿತ್ತು. ಹಾಗಾಗಿ ಕನ್ನಡ ಕಷ್ಟ ಅನ್ನುವ ಮಕ್ಕಳು ಇಂಗ್ಲಿಷ್ ಪಕ್ಕದಲ್ಲಿಟ್ಟುಕೊಂಡು ಓದಬಹುದು.

ಕಥೆ ಇಷ್ಟೇ. ಹೊಸಹಳ್ಳಿ ಅನ್ನೋ ಊರು. ಅಲ್ಲಿನ ಲೆಕ್ಕಿಗರ ಮಗ ರಂಗ ಬೆಂಗಳೂರಿಗೆ ಓದಲು ಹೋಗಿ ವಾಪಸ್ ಬರುತ್ತಾನೆ. ಈಗಲೇ ಮದುವೆ ಬೇಡ ಅಂತಾನೆ. ಊರಿನ ಶ್ಯಾಮ ಅನ್ನುವವನು ಉಪಾಯ ಮಾಡಿ ಅವನಿಗೆ ರತ್ನಳ ಮೇಲೆ ಮನಸ್ಸಾಗುವ ಹಾಗೆ ಮಾಡುತ್ತಾನೆ. ಕಥೆ ಹೇಳುವವನೂ ಇದೇ ಶ್ಯಾಮ.

ಶುರುವಿನಲ್ಲಿ ಶ್ಯಾಮ ತನ್ನ ಊರಿನ ವಿಷಯ ಬಿಟ್ಟು ಕದಲುವುದೇ ಇಲ್ಲ. ಭೂಗೋಳದ ಪುಸ್ತಕದಲ್ಲಿ ನಮ್ಮೂರ ಹೆಸರಿಲ್ಲ ಅಂತ ಸಿಟ್ಟು. ಊಟಕ್ಕೆ ಕರಿಗಡುಬು ಹೇಗೋ ಮೈಸೂರು ಸೀಮೆಗೆ ಹೊಸಹಳ್ಳಿ ಹಾಗೆ ಅಂತ ಹೆಮ್ಮೆ. ಅಲ್ಲಿನ ಮಾವಿನಕಾಯಿ ಕಚ್ಚಿದರೆ ಹುಳಿ ಸೀದಾ ಬ್ರಹ್ಮರಂಧ್ರಕ್ಕೆ ಏರುತ್ತದಂತೆ. ಮಗಳು ಕೇಳಿದಳು, "ಅಮ್ಮಾ, ಇವ್ರು ಕಥೆ ಯಾವಾಗ ಶುರು ಮಾಡ್ತಾರೆ?" ಮೆಲ್ಬರ್ನ್‌ನ ಹುಡುಗ ಪುಸ್ತಕ ಮುಚ್ಚುವುದೂ ಇಂಥ ಕಡೆಯಲ್ಲೇ ಇರಬೇಕು. "ಇವ್ರು ಎಂಥೋರು ಅನ್ಸುತ್ತೆ ನಿಂಗೆ?" ಅಂತ ನಾನು ತಿರುಗಿ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: "ತುಂಬಾ ಮಾತಾಡ್ತಾರೆ. ಅವ್ರೂರು ಅಂದ್ರೆ ತುಂಬಾ ಇಷ್ಟ. ಎಲ್ರ ವಿಷಯಕ್ಕೂ ಹೋಗೋ ಥರ ಇದ್ದಾರೆ."

ನೋಡಿ, ಹುಡುಗಿ ಕಥೆಯ ಬೀಗದ ಕೈ ಹಿಡಿದಾಗಿತ್ತು. ಮಾವಿನಕಾಯಿ ಪುರಾಣ ಕಥೆಗೆ ಮುಂಚಿನ ಪೀಠಿಕೆ ಅಲ್ಲವೇ ಅಲ್ಲ. ಇಂಥ ಬಾಯಿಬಡುಕ, ಪ್ರೀತಿಯ ಮನುಷ್ಯ ಒಬ್ಬ ಹುಡುಗನ ಮದುವೆಗೆ ಕೈ ಹಾಕದೆ ಸುಮ್ನೆ ಇರಲಾರ ಅಂತ ನಮಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಮಾಸ್ತಿ ಅವನ ಗುಣ ಏನು ಅಂತ ಎಲ್ಲೂ ವಿವರಿಸಲು ಹೋಗುವುದಿಲ್ಲ. ಅವನನ್ನು ಮಾತಾಡಲು ಬಿಡುತ್ತಾರೆ, ಅಷ್ಟೇ.

ಹೊರದೇಶದಲ್ಲಿ ಇರುವ, ಇದ್ದು ಬಂದ ನಮ್ಮ ಗುಂಪಿನವರಿಗೆ ಕಥೆಯ ಇನ್ನೊಂದು ಜಾಗ ತುಂಬಾ ಹತ್ತಿರ ಆಗುತ್ತದೆ. ರಂಗ ಊರಿಗೆ ಬಂದ ದಿನ ಹುಡುಗ ಕೆಟ್ಟಿದ್ದಾನಾ ಅಂತ ನೋಡಲು ಊರೆಲ್ಲ ಅವನ ಮನೆ ಮುಂದೆ ಸೇರುತ್ತದೆ. ಮುದುಕಿಯೊಬ್ಬಳು ಎದೆ ತಡವಿ ಜನಿವಾರ ಇದೆಯಾ ಅಂತ ಪರೀಕ್ಷೆ ಮಾಡುತ್ತಾಳೆ. ಓದುವಾಗ ನಮಗೆ ನಗು ಬರುತ್ತದೆ, ಯಾಕೆಂದರೆ ಶ್ಯಾಮ ಆ ಗುಂಪಿನಲ್ಲಿ ನಿಂತು ಹೇಳುತ್ತಿದ್ದಾನೆ. ಮಗಳು ನಗಲಿಲ್ಲ. ನಾವು ಬಂದ ಹೊಸದರಲ್ಲಿ ಮದುವೆಮನೆಯಲ್ಲಿ ಅವಳ ಸುತ್ತ ನೆಂಟರು ಸೇರಿ "ಕನ್ನಡ ಬರುತ್ತಾ? ಅನ್ನ ಸಾರು ತಿಂತೀಯಾ? ಎಲ್ಲಿ, ಮಾತಾಡು ನೋಡೋಣ" ಅಂತ ಶುರು ಮಾಡಿದ್ದರು. ಅವಳು ಕಥೆಯನ್ನು ಓದಿದ್ದು ರಂಗನ ಪಕ್ಕ ನಿಂತು. ಇದೇ ಸಾಲುಗಳು, ಆದರೆ ನಿಂತ ಜಾಗ ಬೇರೆ.

ಈಗ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸನ್ನಿವೇಶಕ್ಕೆ ಬರುತ್ತೇನೆ. ಮಜ್ಜಿಗೆ ತೆಗೆದುಕೊಂಡು ಹೋಗಲಿ ಅನ್ನೋ ನೆಪ ಹೂಡಿ ಶ್ಯಾಮ ರತ್ನಳನ್ನು ತನ್ನ ಮನೆಗೆ ಕರೆಸುತ್ತಾನೆ. ಅವಳಿಗೆ 11 ವರ್ಷ, ಅಪ್ಪ ಅಮ್ಮ ಇಲ್ಲ. ಶುಕ್ರವಾರ, ಒಳ್ಳೆಯ ಸೀರೆ ಉಟ್ಟಿದ್ದಾಳೆ. ಒಂದು ಹಾಡು ಹೇಳಮ್ಮ ಅಂತಾನೆ. ಅತ್ತ ರಂಗನಿಗೂ ಹೇಳಿ ಕಳಿಸಿದ್ದಾನೆ. ರಂಗ ಹಾಡು ಕೇಳಿ ಹೊಸ್ತಿಲಲ್ಲೇ ನಿಂತು ಇಣುಕುತ್ತಾನೆ. ಒಳಗೆ ಬರುತ್ತಿದ್ದ ಬೆಳಕು ತಡೆಯುತ್ತದೆ. ರತ್ನ ತಲೆಯೆತ್ತಿ ನೋಡಿ ಹಾಡು ನಿಲ್ಲಿಸಿಬಿಡುತ್ತಾಳೆ. ಒಳ್ಳೆಯ ಮಾವಿನಹಣ್ಣು ಬಾಯಿಗಿಡುವಾಗ ಕೈಜಾರಿ ನೆಲಕ್ಕೆ ಬಿದ್ದರೆ ಹೇಗಾಗುತ್ತದೆ, ರಂಗನಿಗೆ ಹಾಗಾಯಿತು ಅಂತ ಶ್ಯಾಮ ಹೇಳುತ್ತಾನೆ. ರಂಗನಿಗೆ ಏನಾಯಿತು ಅಂತ ನಮಗೆ ಗೊತ್ತು. ರತ್ನಳಿಗೆ?

ಅದನ್ನು ಕೇಳಿದ್ದು ಮಗಳೇ. "ರತ್ನನ್ನ ಯಾರೂ ಕೇಳಲೇ ಇಲ್ವಾ?" ಅಂದಳು. ಹಾಗಾದರೆ ನೀನೇ ರತ್ನ ಆಗಿ ಬರಿ ಅಂದೆ. ಆ ಸಂಜೆ ಬರೆದು ತಂದಳು. ಅರ್ಧ ಪುಟ, ಕಾಗುಣಿತದ ತಪ್ಪು ಬೇಕಾದಷ್ಟು. ಶುರು ಹೀಗಿತ್ತು: "ಮಜ್ಜಿಗೆ ತಗೊಂಡು ಬಾ ಅಂದ್ರು. ಹೋದೆ. ಹಾಡು ಅಂದ್ರು. ಹಾಡಿದೆ. ಬಾಗಿಲಲ್ಲಿ ಯಾರೋ ನಿಂತ್ರು, ಕತ್ತಲಾಯ್ತು. ಮಜ್ಜಿಗೆ ಎಲ್ಲಿ ಅಂತ ಕೇಳೋಕೂ ಭಯ."

ಶ್ಯಾಮ ಹೇಳಿದಾಗ ಆ ನೆರಳು ಒಂದು ಪ್ರೇಮಕಥೆಯ ಆರಂಭ. ಹನ್ನೊಂದರ ಹುಡುಗಿ ಹೇಳಿದಾಗ ಅದು ಬಾಗಿಲಿಗೆ ಅಡ್ಡ ನಿಂತ ಗೊತ್ತಿಲ್ಲದ ಗಂಡಸು. ನಡೆದ ಘಟನೆ ಒಂದಿಷ್ಟೂ ಬದಲಾಗಿಲ್ಲ. ಇದರಿಂದ ಮಾಸ್ತಿಯವರು ಸಣ್ಣವರಾದರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಆ ಬೆಳಕು ತಡೆಯುವ ವಿವರವನ್ನು ಅಲ್ಲಿಟ್ಟವರು ಅವರೇ. ಅದಿಲ್ಲದಿದ್ದರೆ ನನ್ನ ಮಗಳಿಗೆ ಬರೆಯಲು ಏನೂ ಸಿಗುತ್ತಿರಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿದ್ದವರು, ಕಾಲೇಜಿಗೆ ಹತ್ತಿರ ಇರುವವರು, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೊಡಿ. 2013ರದ್ದು. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದ ಅಮೆರಿಕದಲ್ಲೂ ಪ್ರಕಟವಾಗಿದೆ, ನಿಮ್ಮ ಊರಿನ ಲೈಬ್ರರಿಯಲ್ಲಿ ಕೇಳಿ ನೋಡಿ. ನಮ್ಮ ಬೆಂಗಳೂರಿನದೇ ಕಥೆ. ಕಾಫಿ ಹೌಸಿನಲ್ಲಿ ಕೂತ ಒಬ್ಬ, ಮಸಾಲೆ ವ್ಯಾಪಾರದಿಂದ ದಿಢೀರ್ ಶ್ರೀಮಂತವಾದ ತನ್ನ ಮನೆಯ ಕಥೆ ಹೇಳುತ್ತಾನೆ. ಅವನಿಗೆ ಹೆಸರೇ ಇಲ್ಲ. ಶ್ಯಾಮನಿಗೆ ತದ್ವಿರುದ್ಧ ಮನುಷ್ಯ. ಶ್ಯಾಮ ಎಲ್ಲಕ್ಕೂ ಕೈ ಹಾಕಿದರೆ ಇವನು ಯಾವುದಕ್ಕೂ ಹಾಕುವುದಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬೈದು ಓಡಿಸುತ್ತಾರೆ. ಅದನ್ನೆಲ್ಲ ಇವನು ಎಷ್ಟು ಸ್ಪಷ್ಟವಾಗಿ ಹೇಳುತ್ತಾನೆ ಅಂದರೆ, ನೀನು ಆಗ ಏನು ಮಾಡುತ್ತಿದ್ದೆ ಅಂತ ನಾವೇ ಅವನನ್ನು ಕೇಳಬೇಕಾಗುತ್ತದೆ. ಹಳೆಯ ಮನೆಯ ಇರುವೆಗಳನ್ನು ಕೊಲ್ಲುವ ಪುಟಗಳನ್ನು ಗಮನಿಸಿ ಓದಲು ಹೇಳಿ. ಕೊನೆ ನಾನು ಹೇಳುವುದಿಲ್ಲ.

ಡಲ್ಲಾಸಿನ ಅಣ್ಣ ಒಬ್ಬರು ಕುವೆಂಪು ಬಗ್ಗೆ ಕೇಳಿದ್ದರು, ಅಷ್ಟು ಕಾಡು, ಅಷ್ಟು ಮಳೆ ಮಕ್ಕಳಿಗೆ ಯಾಕೆ ಅಂತ. ‘ಮಲೆಗಳಲ್ಲಿ ಮದುಮಗಳು’ (1967) ಪೂರ್ತಿ ಓದಿಸಬೇಕು ಅಂತ ನಾನೂ ಹೇಳಲ್ಲ. ಆದರೆ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕಾದಂಬರಿಯ ಬಾಗಿಲಲ್ಲೇ ಬರೆದಿದೆ ಅಲ್ವಾ? ಆ ಮಾತನ್ನು ಉಳಿಸಿಕೊಳ್ಳುವುದೇ ವರ್ಣನೆ. ಅದರಲ್ಲಿ ಬರುವ ಗುತ್ತಿ ಅನ್ನುವವನ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲುತ್ತದೋ ಅವನ ನಾಯಿ ಹುಲಿಯನ ಮೇಲೂ ಅಷ್ಟೇ ಪ್ರೀತಿಯಿಂದ ನಿಲ್ಲುತ್ತದೆ. ಗುತ್ತಿ, ಹುಲಿಯ ಇಬ್ಬರೂ ಕಾಡಿನಲ್ಲಿ ನಡೆಯುವ ಪುಟಗಳನ್ನು ನೀವೇ ಜೋರಾಗಿ ಓದಿ ಕೇಳಿಸಿ. ನಾಯಿ ಸಾಕಿದ ಮಕ್ಕಳಂತೂ ಎದ್ದು ಹೋಗುವುದಿಲ್ಲ.

ಕೊನೆಗೆ ಮೆಲ್ಬರ್ನ್‌ನ ಅಕ್ಕನಿಗೆ: ಮೊದಲು ಪುಟ್ಟ ಕಥೆಯೇ ಇರಲಿ. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಅಜ್ಜಿ ತಾತ ಓದಲಿ, ಮಗ ಕೇಳಲಿ. ಮುಗಿದ ಮೇಲೆ ನೀತಿ ಏನು ಅಂತ ಕೇಳಬೇಡಿ. ಹೇಳಿದವರು ಯಾರು, ಅವರಿಗೆ ಏನು ಗೊತ್ತಿರಲಿಲ್ಲ, ಯಾರ ಮಾತು ಕೇಳಿಸಲೇ ಇಲ್ಲ ಅಂತ ಕೇಳಿ. ಡಿಸೆಂಬರಿನಲ್ಲಿ ನೀವು ಬಂದಾಗ ಗಾಂಧಿ ಬಜಾರಿಗೆ ಒಟ್ಟಿಗೆ ಹೋಗೋಣ, ಮಾಸ್ತಿ ಕಥೆಗಳ ಸಂಪುಟ ಅವನೇ ಕೈಯಾರೆ ಆರಿಸಿಕೊಳ್ಳಲಿ. ಅಲ್ಲಿಯವರೆಗೆ ಬೇಕಿದ್ದರೆ ತಿಳಿಸಿ, ‘ರಂಗನ ಮದುವೆ’ಯನ್ನು ನಾನೇ ಓದಿ ಧ್ವನಿಮುದ್ರಣ ಮಾಡಿ ಕಳಿಸುತ್ತೇನೆ.