ಕ್ಲೈಂಟ್ ಹೂಂ ಎನ್ನುತ್ತಾರೆ, ಆದರೆ ಮಾಡುವುದಿಲ್ಲ: ಶನಿವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲೈಫ್ ಕೋಚ್, ವೃತ್ತಿ ಕೋಚ್‌ಗಳ ಈ ಗುಂಪಿಗೆ ಇಂದು ಸಂಜೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಬಂದಿದ್ದಾರೆ. ಒಪ್ಪಿಕೊಂಡ ಕೆಲಸವನ್ನು ಕ್ಲೈಂಟ್ ಮಾಡದಿದ್ದಾಗ ನಾವೇನು ಮಾಡಬೇಕು ಎಂಬುದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ.

ಬಸವನಗುಡಿ ಸದಸ್ಯೆ: ಮೇಡಂ, ನನ್ನ ಕ್ಲೈಂಟ್ ಹೋಳಿಗೆ, ಚಟ್ನಿಪುಡಿ ಮಾಡಿ ಮಾರಬೇಕೆಂದಿರುವ ಗೃಹಿಣಿ. ಆಹಾರ ಸುರಕ್ಷತಾ ನೋಂದಣಿಗೆ ಅರ್ಜಿ ಹಾಕುತ್ತೇನೆ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾರೆ. ವಾರಕ್ಕೊಂದು ನೆಪ. ನಾನೇ ಅರ್ಜಿ ತೆರೆದುಕೊಟ್ಟರೂ ತುಂಬಲಿಲ್ಲ. ಗದರಿಸಲೇ, ಕೈಬಿಡಲೇ?

ಮೇಡಂ: ಎರಡೂ ಬೇಡ. ನೀವು ಅರ್ಜಿ ತೆರೆದುಕೊಟ್ಟಾಗ ಅವರು ಹೂಂ ಎಂದದ್ದು ನಿಮ್ಮ ಮನಸ್ಸು ನೋಯಬಾರದೆಂದು. ಕುಡಿತದ ಸಮಸ್ಯೆಯವರೊಂದಿಗೆ ಕೆಲಸ ಮಾಡಿದ ಅಮೆರಿಕದ ವಿಲಿಯಂ ಮಿಲ್ಲರ್ 1983ರಲ್ಲೇ ಬರೆದದ್ದು ಇದು: ನಾವು ‘ಮಾಡಿ’ ಎಂದಷ್ಟೂ ಎದುರಿನವರು ‘ಆದರೆ’ ಎನ್ನುತ್ತಾರೆ. ಬೇಡ ಎನ್ನುವ ಪಕ್ಷವನ್ನು ತಮ್ಮ ಬಾಯಿಂದಲೇ ವಾದಿಸಿ ವಾದಿಸಿ ಕೊನೆಗೆ ಅದನ್ನೇ ನಂಬುತ್ತಾರೆ.

ಹೊಲಿಗೆ ತರಗತಿ ಆರಂಭಿಸಬೇಕೆಂದಿದ್ದ ಒಬ್ಬರು ನನ್ನ ಬಳಿ ಬರುತ್ತಿದ್ದರು. ಈ ಕೆಲಸ ನಿಮಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದೆ. ನಾಲ್ಕು ಎಂದರು. ‘ಎಂಟು ಏಕಲ್ಲ?’ ಎಂದು ಕೇಳಿದ್ದರೆ ನೆಪಗಳ ಪಟ್ಟಿ ಬರುತ್ತಿತ್ತು. ‘ಎರಡು ಏಕಲ್ಲ?’ ಎಂದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತರು. ಆಮೇಲೆ, ‘ಮಗಳ ಕಾಲೇಜು ಫೀಸಿಗೆ ಯಾರ ಮುಂದೆಯೂ ಕೈಚಾಚಬಾರದು ಮೇಡಂ’ ಎಂದರು. ಅಲ್ಲಿಯವರೆಗೆ ಫೀಸಿನ ಮಾತೇ ಬಂದಿರಲಿಲ್ಲ. ತರಗತಿ ಶುರುವಾದ ಮರುದಿನ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ಹೊರಗಿನವರು ಮನೆಗೆ ಬಂದರೆ ಮಾವನಿಗೆ ಆಗುವುದಿಲ್ಲವಂತೆ. ತೊಡಕು ಇದ್ದದ್ದು ಅಲ್ಲಿ. ಪಕ್ಕದ ಮನೆಯವರ ಮಹಡಿ ಕೋಣೆಯಲ್ಲಿ ತರಗತಿ ಶುರುವಾಯಿತು.

ನಿಮ್ಮ ಕ್ಲೈಂಟ್‌ಗೂ ಅದನ್ನೇ ಕೇಳಿ: ಅರ್ಜಿ ಹಾಕಿದ ಮರುದಿನ ಏನಾಗುತ್ತದೆ? ಅವರಿಗೆ ನಿಜಕ್ಕೂ ಬೇಕು ಎಂದಾದರೆ, ‘ಈ ವಾರ ಮಾಡಿ’ ಎನ್ನಬೇಡಿ. ‘ಮಕ್ಕಳನ್ನು ಶಾಲೆಯ ವ್ಯಾನ್ ಹತ್ತಿಸಿ ಬಂದ ಕೂಡಲೇ ಊಟದ ಮೇಜಿನ ಬಳಿ ಕುಳಿತು ಮೊದಲ ಪುಟ ತುಂಬುತ್ತೇನೆ’ ಎಂದು ಅವರೇ ಬರೆಯಲಿ. ಯಾವಾಗ, ಎಲ್ಲಿ ಎಂದು ಮೊದಲೇ ನಿಗದಿಯಾದರೆ ಕೆಲಸ ಆಗುವ ಸಂಭವ ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ವಿವರಿಸಿದ್ದಾರೆ.

ವಿಜಯನಗರ ಸದಸ್ಯ: ನನಗೆ ಬಂದ ಒಂದು ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: ‘21 ದಿನ ಬೆಳಗ್ಗೆ 5ಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ, ಗುರಿಯನ್ನು 108 ಬಾರಿ ಬರೆದು, ರಾತ್ರಿ ಹಾಲಿಗೆ ಅಶ್ವಗಂಧ ಬೆರೆಸಿ ಕುಡಿದರೆ ಸೋಮಾರಿತನ ಬೇರುಸಹಿತ ಹೋಗುತ್ತದೆ.’ ಕ್ಲೈಂಟ್‌ಗಳಿಗೆ ಕಳುಹಿಸಬಹುದೇ?

ಮೇಡಂ: ಕಳುಹಿಸಬೇಡಿ. 21 ದಿನದ ಮಾತು 1960ರದು. ಶಸ್ತ್ರಚಿಕಿತ್ಸೆಯಾದ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ 21 ದಿನ ಬೇಕು ಎಂದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದಿದ್ದರು. ‘ಕಡಿಮೆಯೆಂದರೂ’ ಎಂಬುದು ಕೈಯಿಂದ ಕೈಗೆ ದಾಟುವಾಗ ಉದುರಿಹೋಯಿತು. ಲಂಡನ್‌ನಲ್ಲಿ 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಅಭ್ಯಾಸ ಕೂರಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುತ್ತದೆಂದು ಲೆಕ್ಕ ಸಿಕ್ಕಿತು. ನಡುವಿನ ಅಂಕಿ 66. ಇಪ್ಪತ್ತೆರಡನೆಯ ದಿನ ಸೋತವರು ‘ನನ್ನಲ್ಲೇ ದೋಷವಿದೆ’ ಎಂದು ಅಳುತ್ತಾ ನನ್ನ ಬಳಿ ಬರುತ್ತಾರೆ. ಇನ್ನು ಅಶ್ವಗಂಧ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ತೊಂದರೆ ಕೊಡಬಹುದು. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಔಷಧ ಹೇಳಲು ನೀವು ವೈದ್ಯರಲ್ಲ. ನಾನೂ ಅಲ್ಲ.

ಯಲಹಂಕ ಸದಸ್ಯೆ: ಮೇಡಂ, 21 ದಿನದ ಚಾಲೆಂಜ್ ಕೊಟ್ಟರೆ ಹೇಗೆ?

ಮೇಡಂ: ಮೇಲೆ ಓದಿ.

ಕೋರಮಂಗಲ ಸದಸ್ಯ: ಕ್ಷಮಿಸಿ, ಇಷ್ಟು ಮೆತ್ತಗಾದರೆ ಯಾರೂ ಕದಲುವುದಿಲ್ಲ. ಕೆಲಸ ತಪ್ಪಿಸಿದ ವಾರಕ್ಕೆ ನಾನು 500 ರೂಪಾಯಿ ದಂಡ ಹಾಕುತ್ತೇನೆ.

ಮಲ್ಲೇಶ್ವರ ಸದಸ್ಯ: ಇಸ್ರೇಲಿನ ಹೈಫಾದ ಶಿಶುಪಾಲನಾ ಕೇಂದ್ರಗಳಲ್ಲಿ ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರೇ ಹೆಚ್ಚಾದರು. 2000ದಲ್ಲಿ ಪ್ರಕಟವಾದ ಅಧ್ಯಯನವಿದು. ದುಡ್ಡು ಕೊಟ್ಟ ಮೇಲೆ ಅಳುಕು ಉಳಿಯುವುದಿಲ್ಲ.

ಕೋರಮಂಗಲ ಸದಸ್ಯ: ನನ್ನ ಕ್ಲೈಂಟ್‌ಗಳು ಕಂಪನಿ ನಡೆಸುವವರು. ಶಿಶುಪಾಲನಾ ಕೇಂದ್ರದ ಲೆಕ್ಕ ಇಲ್ಲೇಕೆ?

ಮಲ್ಲೇಶ್ವರ ಸದಸ್ಯ: ದಂಡ ಕಟ್ಟಿದ್ದು ಮಕ್ಕಳಲ್ಲ ಸ್ವಾಮಿ, ದೊಡ್ಡವರು.

ಕೋರಮಂಗಲ ಸದಸ್ಯ: ಪುಸ್ತಕ ಓದಿ ಮಾತಾಡುವುದು ಸುಲಭ. ನೀವು ಎಷ್ಟು ಜನರನ್ನು ದಡ ಮುಟ್ಟಿಸಿದ್ದೀರಿ, ಅದನ್ನು ಹೇಳಿ.

ಅಡ್ಮಿನ್: ಇಬ್ಬರೂ ದಯವಿಟ್ಟು ನಿಲ್ಲಿಸಿ.

ವೈಟ್‌ಫೀಲ್ಡ್ ಸದಸ್ಯ: ದಂಡದ ಮಾತು ಬಂದಿದ್ದರಿಂದ ಕೇಳುತ್ತೇನೆ. ಕೆಲಸ ಕಳೆದುಕೊಂಡ ಕ್ಲೈಂಟ್ ಒಬ್ಬರಿದ್ದಾರೆ. ಹನ್ನೊಂದು ವಾರವಾದರೂ ಬಯೊಡೇಟಾ ಮುಗಿಸಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ‘ಕ್ಷಮಿಸಿ ಸರ್’ ಎಂದು ಸಂದೇಶ ಕಳುಹಿಸುತ್ತಾರೆ. ಕಳೆದ ವಾರ ತಮ್ಮ ಕ್ಯಾಮೆರಾವನ್ನು ಅಕ್ಕನ ಮಗನಿಗೆ ಕೊಟ್ಟುಬಿಟ್ಟರಂತೆ, ‘ನನಗಿನ್ನು ಬೇಕಾಗುವುದಿಲ್ಲ’ ಎಂದರು. ಈಗ ಎಷ್ಟೋ ಸಮಾಧಾನವಾಗಿದ್ದಾರೆ. ಅವರಿಗೂ ದಂಡ ಹಾಕಿ ನೋಡಲೇ?

ಮೇಡಂ: ಉಳಿದವರು ಸ್ವಲ್ಪ ಹೊತ್ತು ಬರೆಯಬೇಡಿ.

ಸರ್, ಬಯೊಡೇಟಾ ಮರೆತುಬಿಡಿ. ನಿದ್ದೆ ಮುರಿದಿದೆ, ಕ್ಷಮೆ ಕೇಳುತ್ತಲೇ ಇದ್ದಾರೆ, ಪ್ರೀತಿಯ ವಸ್ತುವನ್ನು ಕೊಟ್ಟುಬಿಟ್ಟಿದ್ದಾರೆ, ‘ಇನ್ನು ಬೇಕಾಗುವುದಿಲ್ಲ’ ಎಂದಿದ್ದಾರೆ. ಆ ಸಮಾಧಾನವೇ ನನಗೆ ಹೆಚ್ಚು ಭಯ ತರುತ್ತಿದೆ. ಈಗಲೇ ಫೋನ್ ಮಾಡಿ. ಸುತ್ತುಬಳಸದೆ ಕೇಳಿ: ‘ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನರಿಗೆ ಯಾರಾದರೂ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಹೌದು ಎಂದರೆ ಬುದ್ಧಿ ಹೇಳಬೇಡಿ, ಮಕ್ಕಳ ಮುಖ ನೋಡಿ ಎನ್ನಬೇಡಿ, ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ. ಮನೆಯವರಿಗೆ ತಿಳಿಸಿ. ಅವರನ್ನು ಒಂಟಿಯಾಗಿ ಬಿಡಬಾರದು, ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳು ಕೈಗೆ ಸಿಗಬಾರದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಅಷ್ಟು ದೂರ ಕಷ್ಟವಾದರೆ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಯಲಹಂಕ ಸದಸ್ಯೆ: ಮೇಡಂ, ಇಂದಿನ ಕಾರ್ಯಕ್ರಮಕ್ಕೆ ಪ್ರಮಾಣಪತ್ರ ಸಿಗುತ್ತದೆಯೇ?

ಕೋರಮಂಗಲ ಸದಸ್ಯ: ಕ್ಯಾಮೆರಾ ಕೊಟ್ಟದ್ದಕ್ಕೆಲ್ಲ ಆಸ್ಪತ್ರೆ ಎಂದರೆ ಅತಿಯಾಯಿತು. ಆ ಮನುಷ್ಯನನ್ನು ಇನ್ನಷ್ಟು ಹೆದರಿಸುತ್ತೀರಿ.

ಮೇಡಂ: ನನ್ನ ಊಹೆ ತಪ್ಪಾದರೆ ಅವರ ಒಂದು ಸಂಜೆ ಹಾಳಾಗುತ್ತದೆ. ನಿಮ್ಮದು ತಪ್ಪಾದರೆ? ದಂಡದ ವಾದವನ್ನು ಬೇರೆ ದಿನ ಮಾಡಿ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಆಸಕ್ತಿ ಕೆಟ್ಟಿದ್ದರೆ ಅದು ಸೋಮಾರಿತನವಲ್ಲ, ಖಿನ್ನತೆ ಇರಬಹುದು. ಮೊದಲ ಭೇಟಿಯಲ್ಲೇ ಅದನ್ನು ಕೇಳದೆ ಯಾರಿಗೂ ಗುರಿ ಬರೆಸಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತಿದ್ದೇನೆ.

ವಿಜಯನಗರ ಸದಸ್ಯ: ಖಿನ್ನತೆಗೆ ಬಾಳೆಹಣ್ಣು, ಜೇನುತುಪ್ಪ ಒಳ್ಳೆಯದೆಂದು ಇನ್ನೊಂದು ಸಂದೇಶ ಬಂದಿದೆ, ಹಾಕಲೇ?

ಮೇಡಂ: ಹಾಕಬೇಡಿ ಎಂದರೆ ಹಾಕಬೇಡಿ.

ವೈಟ್‌ಫೀಲ್ಡ್ ಸದಸ್ಯ: ಮಾತನಾಡಿದೆ ಮೇಡಂ. ಕೇಳಿದ ಕೂಡಲೇ ಅತ್ತುಬಿಟ್ಟರು. ಎರಡು ವಾರದಿಂದ ಅದೇ ಯೋಚನೆಯಂತೆ. ಹೆಂಡತಿ ಪಕ್ಕದಲ್ಲೇ ಇದ್ದಾರೆ, ನಾನು ಕಾರು ತೆಗೆದುಕೊಂಡು ಹೊರಟಿದ್ದೇನೆ.

ಮೇಡಂ: ಹಿಂದಿನ ಸೀಟಿನಲ್ಲಿ ಹೆಂಡತಿ ಅವರ ಪಕ್ಕ ಕೂರಲಿ. ಮೊದಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇದ್ದರೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಅವರ ಬಗ್ಗೆ ಈ ಗುಂಪಿನಲ್ಲಿ ಇನ್ನೇನೂ ಬರೆಯಬೇಡಿ, ನನಗೆ ನೇರವಾಗಿ ಫೋನ್ ಮಾಡಿ. ನಾನು ಎಚ್ಚರವಾಗಿರುತ್ತೇನೆ.