ಗಿಟ್ (ಕೋಡ್ ಬದಲಾವಣೆಗಳ ಲೆಕ್ಕವಿಡುವ ಸಾಧನ) ಪರ್ಮಿಷನ್ ಗೋಳು: ವಿಂಡೋಸ್-ಲಿನಕ್ಸ್ ಪ್ರಶ್ನೆಗಳು ಇಲ್ಲಿ ಕೇಳಿ

ಹೊಸಬ: ಮೇಷ್ಟ್ರೇ, ಲಿನಕ್ಸ್ ಲ್ಯಾಪ್‌ಟಾಪ್‌ನ ಪ್ರಾಜೆಕ್ಟನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಹಾಕಿ ಅಲ್ಲಿಂದಲೇ ತೆರೆದೆ. ಒಂದಕ್ಷರ ಮುಟ್ಟಿಲ್ಲ, ಆದರೂ ಎಲ್ಲ ಫೈಲೂ ಬದಲಾಗಿದೆ ಅನ್ನುತ್ತಿದೆ ಗಿಟ್!

ಸರ್ವರ್ ಮೇಷ್ಟ್ರು: ಡಿಫ್ ನೋಡಿ, 100644 ಹೋಗಿ 100755 ಆಗಿರುತ್ತದೆ. ಫೈಲಿನ ಪರ್ಮಿಷನ್‌ಗಳಲ್ಲಿ ಗಿಟ್ ಲೆಕ್ಕಕ್ಕಿಡುವುದು ಎಕ್ಸಿಕ್ಯೂಟ್ ಬಿಟ್ (ಫೈಲನ್ನು ಓಡಿಸಬಹುದು ಅನ್ನುವ ಗುರುತು) ಒಂದನ್ನೇ. 755 ಅಂದರೆ ಆ ಗುರುತು ಇದೆ, 644 ಅಂದರೆ ಇಲ್ಲ. ಎಕ್ಸ್‌ಫ್ಯಾಟ್‌ಗೆ ಅದನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ. ಆ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್) ಕೋರ್.ಫೈಲ್‌ಮೋಡ್ ಫಾಲ್ಸ್ ಮಾಡಿ, ಗಿಟ್ ಆ ಬಿಟ್ ಲೆಕ್ಕಿಸುವುದಿಲ್ಲ. ಇನ್ನು ಮುಂದೆ ಪೆನ್‌ಡ್ರೈವ್ ಬೇಡ, ಕ್ಲೋನ್ ಮಾಡಿ (ಗಿಟ್‌ನಿಂದಲೇ ನಕಲು ತೆಗೆಯಿರಿ).

ಕಾಫಿಪುಡಿ: ಗ್ಲೋಬಲ್ ಆಗಿ ಫಾಲ್ಸ್ ಹಾಕಿದೆ ಸರ್, ಆಗಲಿಲ್ಲ.

ಸರ್ವರ್ ಮೇಷ್ಟ್ರು: ರೆಪೊದೊಳಗಿನ ಸೆಟ್ಟಿಂಗ್ ಗ್ಲೋಬಲನ್ನು ಮೀರಿಸುತ್ತದೆ. "ಆ ರೆಪೊದಲ್ಲಿ" ಅಂತಲೇ ಬರೆದಿದ್ದೆ.

ರಾತ್ರಿಪಾಳಿ: ಸರ್, ಅರ್ಜೆಂಟ್. ಸರ್ವರ್‌ನಲ್ಲಿ ಗಿಟ್ ಪುಲ್ (ಹೊಸ ಕೋಡ್ ತರುವುದು) "ಪರ್ಮಿಷನ್ ಡಿನೈಡ್" ಅಂತು. ವಾಟ್ಸಾಪ್‌ನಲ್ಲಿ ಬಂದಿದ್ದನ್ನು ನೋಡಿ ಇಡೀ ಹೋಮ್ ಫೋಲ್ಡರ್‌ಗೆ ಚ್‌ಮಾಡ್ -ಆರ್ 777 (ಒಳಗಿನದ್ದೆಲ್ಲಕ್ಕೂ ಎಲ್ಲರಿಗೂ ಎಲ್ಲ ಅನುಮತಿ) ಹೊಡೆದೆ. ಈಗ ಹೊಸ ಟರ್ಮಿನಲ್‌ನಿಂದ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡ್ ಬದಲಿನ ಫೈಲ್) ಹಾಕಿದರೆ ಒಳಗೇ ಬಿಡುತ್ತಿಲ್ಲ. ಹಳೇ ಟರ್ಮಿನಲ್ ಇನ್ನೂ ತೆರೆದಿದೆ.

ಸರ್ವರ್ ಮೇಷ್ಟ್ರು: ಅದನ್ನು ಮುಚ್ಚಬೇಡಿ! ಲ್ಯಾಪ್‌ಟಾಪ್ ಸ್ಲೀಪ್‌ಗೂ ಹೋಗಬಾರದು. ಹೋಮ್ ಫೋಲ್ಡರ್‌ಗೆ ಯಾರು ಬೇಕಾದರೂ ಬರೆಯಬಹುದು ಅಂತಾದರೆ ಎಸ್‌ಎಸ್‌ಎಚ್ ಸರ್ವರ್ ನಿಮ್ಮ ಕೀ ನಂಬುವುದಿಲ್ಲ. ಸ್ಟ್ರಿಕ್ಟ್‌ಮೋಡ್ಸ್ ಅಂತ, ಮೊದಲಿಂದಲೇ ಆನ್ ಇರುತ್ತದೆ. ಹೋಮ್‌ಗೆ 755, .ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಆಥರೈಜ್ಡ್ ಕೀಸ್ ಫೈಲ್‌ಗೆ 600. ಪ್ರೈವೇಟ್ ಕೀ ಅಲ್ಲೇ ಇದ್ದರೆ ಅದಕ್ಕೂ 600. ಹೊಸ ಟರ್ಮಿನಲ್‌ನಲ್ಲಿ ಲಾಗಿನ್ ಆದ ಮೇಲೆ ಹಳೆಯದು ಮುಚ್ಚಿ. ಅಸಲಿಗೆ ಯಾರೋ ಸುಡೋ ಹಾಕಿ (ರೂಟ್, ಅಂದರೆ ಅಡ್ಮಿನ್ ಅಧಿಕಾರದಲ್ಲಿ) ಪುಲ್ ಮಾಡಿರಬೇಕು. .ಗಿಟ್/ಆಬ್ಜೆಕ್ಟ್ಸ್ ಒಳಗೆ ರೂಟ್ ಹೆಸರಿನ ಫೈಲುಗಳಿದ್ದರೆ ಚ್‌ಓನ್ (ಫೈಲಿನ ಮಾಲೀಕರನ್ನು ಬದಲಿಸುವ ಕಮಾಂಡ್) ಸಾಕು. 777ಗೆ ಏನೂ ಕೆಲಸವಿರಲಿಲ್ಲ. ಮೋಡ್ ಬದಲಾವಣೆ ಕಮಿಟ್ ಮಾಡಿಬಿಟ್ಟಿರಾ?

ಪೆಂಗ್ವಿನ್ ಪ್ರೇಮಿ: ವಿಂಡೋಸ್ ಬಿಟ್ಟರೆ ಈ ಗೋಳೇ ಇಲ್ಲ.

ಕಾಫಿಪುಡಿ: ಅವರ ಸರ್ವರ್ ಲಿನಕ್ಸೇ ಅಲ್ವಾ? ಆಫೀಸ್ ಲ್ಯಾಪ್‌ಟಾಪ್ ನೀವು ಕೊಡಿಸುತ್ತೀರಾ?

ಪೆಂಗ್ವಿನ್ ಪ್ರೇಮಿ: ಕಲಿಯೋಕೆ ಸೋಮಾರಿತನ, ಅಷ್ಟೇ.

ರಾತ್ರಿಪಾಳಿ: ಲಾಗಿನ್ ಆಯ್ತು ಸರ್! ಕಮಿಟ್ ಮಾಡಿಲ್ಲ.

ಮಳೆಹನಿ: ರೆಪೊ ಸಾಂಬಾ ಶೇರ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್) ಇಟ್ಟರೆ ನಡೆಯುತ್ತಾ?

ಗೂಡಂಗಡಿ: ವಿಂಡೋಸ್‌ನಿಂದ ಪುಶ್ ಮಾಡಿದ ಡಿಪ್ಲಾಯ್.ಎಸ್‌ಎಚ್ ಲಿನಕ್ಸ್‌ನಲ್ಲಿ ಓಡುತ್ತಿಲ್ಲ. 777 ಕೊಡಲಾ?

ಸರ್ವರ್ ಮೇಷ್ಟ್ರು: ಮೇಲೆ ಅಷ್ಟುದ್ದ ಬರೆದದ್ದು ಯಾರಿಗೆ? ಎಕ್ಸಿಕ್ಯೂಟ್ ಬಿಟ್ ಹಾಕಿ: ಗಿಟ್ ಅಪ್‌ಡೇಟ್-ಇಂಡೆಕ್ಸ್ --ಚ್‌ಮಾಡ್=+ಎಕ್ಸ್ ಡಿಪ್ಲಾಯ್.ಎಸ್‌ಎಚ್. ಕಮಿಟ್, ಪುಶ್.

ಗೂಡಂಗಡಿ: ಕೇಳಿದ್ದೇ ತಪ್ಪಾ ಸರ್?

ಪೆಂಗ್ವಿನ್ ಪ್ರೇಮಿ: ಓದದೆ ಕೇಳಿದ್ದು ತಪ್ಪು.

ಮಳೆಹನಿ: ಸಾಂಬಾ?